ಶ್ರೀತಾಳೆಯ ಬೀಜ



'ಓಲೆ' ಅನ್ನುವ ಮಾತು ನಮಗೆಲ್ಲ ಗೊತ್ತು. ಕಿವಿಗೆ ಹಾಕುವುದು ಓಲೆ. ಮದುವೆಗೆ ಬನ್ನಿ ಅಂತ ಕಳಿಸುವುದು ಕರೆಯೋಲೆ. ಕಿವಿಯ ಒಡವೆಗೂ ಬರೆದ ಕಾಗದಕ್ಕೂ ಒಂದೇ ಹೆಸರು ಯಾಕೆ ಬಂತು?

ಓಲೆ ಅಂದರೆ ತಾಳೆಯ ಗರಿ. ಹಿಂದೆ ಹೆಂಗಸರು ಗರಿಯ ತುಂಡನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಟ್ಟುಕೊಳ್ಳುತ್ತಿದ್ದರು. ಕಾಗದ ಇಲ್ಲದ ಕಾಲದಲ್ಲಿ ಅದೇ ಗರಿಯ ಮೇಲೆ ಬರೆಯುತ್ತಿದ್ದರು. ಚಿನ್ನದ ಓಲೆ ಬಂತು, ಕಾಗದವೂ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಅಕ್ಕನ ಮಾತು ಉಳಿದದ್ದು ಹೇಗೆ?

ನಮ್ಮ ಶಿಕಾರಿಪುರ ತಾಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಇಬ್ಬರೂ 12ನೇ ಶತಮಾನದವರು. ಅವರ ವಚನ ಇಂದು ನಮ್ಮ ಕೈಗೆ ಸಿಕ್ಕಿದ್ದು ತಾಳೆಗರಿಯಿಂದ.

ಗರಿಯನ್ನು ಕತ್ತರಿಸಿ, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡುತ್ತಿದ್ದರು. ಕಂಟ ಅನ್ನುವ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯುತ್ತಿದ್ದರು. ಮೇಲೆ ಕಾಡಿಗೆ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಗೆ ಕಾಣುತ್ತಿತ್ತು. ಗರಿಗೆ ತೂತು ಮಾಡಿ, ದಾರ ಪೋಣಿಸಿ ಕಟ್ಟು ಕಟ್ಟುತ್ತಿದ್ದರು.

ಕಾಲ ಕಳೆದಂತೆ ಎಷ್ಟೋ ಮನೆಗಳಲ್ಲಿ ಈ ಕಟ್ಟುಗಳಿಗೆ ಪೂಜೆ ಮಾತ್ರ ನಡೆಯುತ್ತಿತ್ತು. ಬಿಚ್ಚಿ ಓದುವವರು ಇರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಹುಡುಕಿದರು. 1923ರಲ್ಲಿ 'ವಚನಶಾಸ್ತ್ರಸಾರ' ಅನ್ನುವ ಪುಸ್ತಕ ಅಚ್ಚು ಹಾಕಿಸಿದರು. ಸೊರಬಕ್ಕೆ ಹತ್ತಿರದ ಕೆಳದಿಯ ವಸ್ತು ಸಂಗ್ರಹಾಲಯದಲ್ಲಿ ಇಂಥ ತಾಳೆಗರಿ ಕಟ್ಟುಗಳನ್ನು ಇಟ್ಟಿದ್ದಾರೆ.

ಮರ ಎಂಥದ್ದು?

ಬರೆಯಲು ಎರಡು ಜಾತಿಯ ಗರಿ ಬಳಸುತ್ತಿದ್ದರು. ಒಂದು, ತಾಟಿನಿಂಗು ಬಿಡುವ ತಾಳೆ. ಇನ್ನೊಂದು, ಶ್ರೀತಾಳೆ. ಶ್ರೀತಾಳೆಯ ಗರಿ ತೆಳು ಮತ್ತು ಮೆದು. ಬಗ್ಗಿಸಿದರೆ ಬೇಗ ಮುರಿಯದು. ಅದಕ್ಕೇ ಬರೆಯುವವರಿಗೆ ಅದು ಇಷ್ಟ.

ಅಡಿಕೆ, ತೆಂಗು, ಈಚಲು, ಬಗನಿ ನಾವು ದಿನಾ ನೋಡುವ ಮರಗಳು. ಶ್ರೀತಾಳೆಯೂ ಇವುಗಳ ಬಳಗವೇ. ಆದರೆ ನಮ್ಮ ಕಡೆ ಕಾಣುವುದು ಅಪರೂಪ. ಘಟ್ಟದ ಕೆಳಗೆ ಕರಾವಳಿಯಲ್ಲಿ, ಕೇರಳದಲ್ಲಿ, ಶ್ರೀಲಂಕಾದಲ್ಲಿ ಇದೆ. ತುಳುವಿನಲ್ಲಿ ಇದನ್ನು ಪಣೋಲಿ ಅಂತಾರೆ.

ಮರ ಸುಮಾರು 80 ಅಡಿ ಎತ್ತರ ಬೆಳೆಯುತ್ತದೆ. ಒಂದೊಂದು ಎಲೆ 16 ಅಡಿ ಅಗಲ ಆಗಬಲ್ಲದು. ಒಂದು ಎಲೆಯ ಕೆಳಗೆ ಹತ್ತು ಜನ ಮಳೆಗೆ ನಿಲ್ಲಬಹುದು. ಇದೇ ಎಲೆಯಿಂದ ಕೊಡೆ ಮಾಡುತ್ತಿದ್ದರು, ಸೂರಿಗೆ ಹೊದಿಸುತ್ತಿದ್ದರು.

ಬಾಳಿನಲ್ಲಿ ಒಂದೇ ಸಲ

ಶ್ರೀತಾಳೆ ಹೂ ಬಿಡುವುದು ತನ್ನ ಬಾಳಿನಲ್ಲಿ ಒಂದೇ ಸಲ. ಅದೂ 30 ವರ್ಷದಿಂದ 80 ವರ್ಷದ ಒಳಗೆ ಯಾವಾಗಲೋ. ಅಜ್ಜಿ ನೆಟ್ಟರೆ ಮೊಮ್ಮಗಳು ಹೂ ನೋಡಬೇಕು!

ಅಷ್ಟು ವರ್ಷ ಮರ ತನ್ನ ಕಾಂಡದಲ್ಲಿ ಹಿಟ್ಟಿನಂಥ ಆಹಾರ ಕೂಡಿಡುತ್ತದೆ. ಕೊನೆಗೆ ನೆತ್ತಿಯ ಮೇಲೆ 20 ಅಡಿ ಎತ್ತರದ ದೊಡ್ಡ ಗೊಂಚಲು ಏಳುತ್ತದೆ. ಅದರಲ್ಲಿ ಲಕ್ಷ ಲಕ್ಷ ಹೂ. ಕೊಂಬೆ ಕೊಂಬೆಯಾಗಿ ಒಡೆಯುವ ಹೂಗೊಂಚಲುಗಳಲ್ಲಿ ಜಗತ್ತಿಗೇ ದೊಡ್ಡದು ಇದು. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಕೂಡಿಟ್ಟ ಆಹಾರವೆಲ್ಲ ಹೂವಿಗೆ, ಕಾಯಿಗೆ ಹೋಗಿಬಿಡುತ್ತದೆ. ಕಾಯಿ ಉದುರಿದ ಮೇಲೆ ಮರ ಸಾಯುತ್ತದೆ.

ಬಾಳೆಯೂ ಒಂದೇ ಗೊನೆ ಬಿಡುತ್ತದೆ. ಆದರೆ ಬುಡದಲ್ಲಿ ಮರಿ ಇರುತ್ತದೆ. ಶ್ರೀತಾಳೆಗೆ ಮರಿ ಇಲ್ಲ. ಕೊಂಬೆ ನೆಟ್ಟರೆ ಬರೋಣ ಅಂದರೆ ಕೊಂಬೆಯೂ ಇಲ್ಲ. ಬೀಜ ಒಂದೇ ದಾರಿ.

ಬೀಜಕ್ಕೆ ಯಾಕೆ ಇಷ್ಟು ಬೆಲೆ?

ಕಾಯಿ ಸಣ್ಣ ನಿಂಬೆಕಾಯಿಯಷ್ಟು. ಒಳಗೆ ಒಂದೇ ಬೀಜ, ಗೋಲಿಯಂತೆ ಗುಂಡಗೆ. ಅದು ಆನೆಯ ದಂತದ ಹಾಗೆ ಬೆಳ್ಳಗೆ, ಗಟ್ಟಿ. ನಮ್ಮ ಸೊರಬದ ಗುಡಿಗಾರರು ಗಂಧದ ಮರ, ದಂತ ಕೆತ್ತುವುದರಲ್ಲಿ ಹೆಸರಾದವರು. ದಂತದ ವ್ಯಾಪಾರ ಈಗ ನಿಷೇಧ. ದಂತದಂಥದ್ದೇ ಈ ಬೀಜವನ್ನು ಕಡೆದು ಮಣಿ ಮಾಡುತ್ತಿದ್ದರು, ಅಂಗಿಯ ಗುಂಡಿ ಮಾಡುತ್ತಿದ್ದರು. ಗುಂಡಿ ಮಾಡಲು ಹಡಗಿನಲ್ಲಿ ಯುರೋಪಿಗೂ ಹೋಗುತ್ತಿತ್ತು. ಉತ್ತರ ಭಾರತದಲ್ಲಿ ದೃಷ್ಟಿ ಆಗಬಾರದು ಅಂತ ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರು. ಕೆಂಪು ಬಣ್ಣ ಹಾಕಿ ಹವಳ ಅಂತ ಮಾರಿದವರೂ ಉಂಟು!

ಈಗ ಬೀಜ ಹುಡುಕುವವರು ಬೇರೆ. ತಾಳೆ ಜಾತಿಯ ಮರಗಳನ್ನು ಕೂಡಿಸಿ ಬೆಳೆಸುವವರು ಹಲವು ದೇಶಗಳಲ್ಲಿ ಇದ್ದಾರೆ. 1956ರಲ್ಲಿ ಅಮೆರಿಕದಲ್ಲಿ ಇವರದೇ ಒಂದು ಸಂಘ ಹುಟ್ಟಿತು. ಬ್ರೆಜಿಲ್ ದೇಶದ ರಿಯೊ ಪಟ್ಟಣದ ಉದ್ಯಾನದಲ್ಲಿ 1960ರ ದಶಕದಲ್ಲಿ ಶ್ರೀತಾಳೆ ನೆಟ್ಟಿದ್ದರು. 2025ರಲ್ಲಿ ಆ ಮರಗಳು ಹೂ ಬಿಟ್ಟಾಗ ಜನ ನೋಡಲು ಬಂದರು. ನೆಡಿಸಿದವರು ಅಷ್ಟರಲ್ಲಿ ತೀರಿಹೋಗಿದ್ದರು.

ಬೇಕು ಅಂದಾಗ ಈ ಬೀಜ ಸಿಗದು. ಎಲ್ಲೋ ಒಂದು ಮರ ಹೂ ಬಿಡಬೇಕು. ಯಾರೋ ಒಂದು ವರ್ಷ ಕಾಯಬೇಕು. ಬೀಜ ಹಸಿಯಾಗಿರುವಾಗಲೇ ನೆಡಬೇಕು. ಅದಕ್ಕೇ ಇದಕ್ಕೆ ಬೆಲೆ.

ಹೂ ಬಿಟ್ಟರೆ ಕೇಡೇ?

ಬಿದಿರು ಹೂ ಬಿಟ್ಟರೆ ಬರಗಾಲ ಅಂತ ನಮ್ಮ ಕಡೆ ಹೇಳುತ್ತಾರೆ. ಕರಾವಳಿಯಲ್ಲಿ ಶ್ರೀತಾಳೆ ಹೂ ಬಿಟ್ಟರೂ ಹಾಗೇ ಹೆದರಿಕೆ. ಹೂ ಕಂಡ ಕೂಡಲೇ ಕೇಡು ಅಂತ ಎಷ್ಟೋ ಮರ ಕಡಿದುಬಿಟ್ಟರು. ಹಿಂದೆ ಹಸಿವಿನ ಕಾಲದಲ್ಲಿ ಕಾಂಡದ ಹಿಟ್ಟಿಗಾಗಿಯೂ ಕಡಿಯುತ್ತಿದ್ದರು. ಅದು ಹೊಟ್ಟೆಯ ಕಷ್ಟ. ಆದರೆ ಹೂವಿಗೆ ಹೆದರಿ ಕಡಿದರೆ ಯಾರಿಗೂ ಲಾಭವಿಲ್ಲ.

ಹೂ ಬಿಡುವುದು ಮರದ ವಯಸ್ಸು. ಊರಿನ ಕೇಡಲ್ಲ. ಹೇಗೂ ಸಾಯುವ ಮರ ಅದು. ಒಂದು ವರ್ಷ ಮೊದಲು ಕಡಿದರೆ 50 ವರ್ಷದ ಒಂದೇ ಬೆಳೆ ಮಣ್ಣುಪಾಲು. ಒಂದು ವರ್ಷ ತಾಳಿದರೆ ಸಾವಿರಾರು ಬೀಜ.

ನಾವೇನು ಮಾಡಬಹುದು?

1. ಎಲ್ಲಾದರೂ ಶ್ರೀತಾಳೆ ಹೂ ಬಿಟ್ಟದ್ದು ಕಂಡರೆ, ಕಡಿಯಬೇಡಿ ಅಂತ ಮನೆಯವರಿಗೆ ತಿಳಿಸಿ ಹೇಳೋಣ.

2. ತಾನಾಗಿ ಉದುರಿದ ಕಾಯಿ ಆರಿಸೋಣ. ತಿನ್ನಬಾರದು. ಮಕ್ಕಳ ಕೈಗೂ ಕೊಡಬಾರದು. ಈ ಕಾಯಿ ಜಜ್ಜಿ ನೀರಿಗೆ ಹಾಕಿದರೆ ಮೀನು ಮತ್ತು ಬಂದು ತೇಲುತ್ತವೆ.

3. ಸಿಪ್ಪೆ ತೆಗೆದು, ಬೀಜ ತೊಳೆದು, ಬೇಗ ನೆಡಬೇಕು. ಮೊಳಕೆಗೆ ತಿಂಗಳುಗಟ್ಟಲೆ ಬೇಕು. ಬೇರು ಆಳಕ್ಕೆ ಇಳಿಯುತ್ತದೆ. ಉದ್ದನೆಯ ಚೀಲ ಬೇಕು. ಮನೆಯ ಹತ್ತಿರ ಬೇಡ, ಬಯಲು ಜಾಗ ಇರಲಿ.

4. 2002ರ ಕಾನೂನಿನಂತೆ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು. ಊರಿನ ಮರ, ಗಿಡ, ಬೀಜಗಳ ವಿವರವನ್ನು ಅದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಎಲ್ಲಿದೆ ಅಂತ ಕೇಳೋಣ. ಓದೋಣ. ನಮ್ಮ ಊರಿನ ಅಪರೂಪದ ಮರ ಬಿಟ್ಟುಹೋಗಿದ್ದರೆ ಬರೆಸೋಣ.

ಮರದ ಹೆಸರು, ಬೀಜದ ಗುಣ, ಮದ್ದಿನ ಸೊಪ್ಪು ಇವೆಲ್ಲ ನಮ್ಮ ಹೆಂಗಸರಿಗೇ ಹೆಚ್ಚು ಗೊತ್ತು. ಇಷ್ಟು ದಿನ ಅದು ಬಾಯಿಮಾತಿನಲ್ಲಿ ಇತ್ತು. ಈಗ ನಮ್ಮ ಕೈಗೆ ಅಕ್ಷರ ಬಂದಿದೆ.

ಹೊಸ ಪದಗಳು

ಕಂಟ: ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಸಾಧನ
ಕಾಂಡ: ಮರದ ದಿಂಡು
ದಾಖಲೆ: ಬರೆದಿಟ್ಟ ವಿವರ

ಓದಿ, ಮಾತಾಡಿ, ಬರೆಯಿರಿ

1. ಬಾಳೆಗೂ ಶ್ರೀತಾಳೆಗೂ ಏನು ವ್ಯತ್ಯಾಸ?
2. ಹೂ ಬಿಟ್ಟ ಮರ ಕಡಿದರೆ ಏನು ನಷ್ಟ?
3. ನಿಮ್ಮ ಊರಿನಲ್ಲಿ ಈಗ ಅಪರೂಪವಾದ ಒಂದು ಮರ ಯಾವುದು? ಅದರ ಹೆಸರು, ಅದು ಇರುವ ಜಾಗ, ಅದರ ಉಪಯೋಗ ಮೂರು ಸಾಲಿನಲ್ಲಿ ಬರೆಯಿರಿ.