ಕರುಳಿನ ಜೀವಾಣುಗಳೂ ಮನಸ್ಸಿನ ನೆಮ್ಮದಿಯೂ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಊಟದಲ್ಲಿ ಜೋಳದ ರೊಟ್ಟಿಯೊಡನೆ ಮೊಸರಿಗೂ ಸ್ಥಾನವುಂಟು. ಉಗುರುಬೆಚ್ಚಗಿನ ಹಾಲಿಗೆ ಒಂದಿಷ್ಟು ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಅದು ಗಟ್ಟಿಯಾಗುವುದು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ಇಂತಹ ಜೀವಾಣುಗಳು ಋತುಬಂಧದ ವಯಸ್ಸಿನ ಸ್ತ್ರೀಯರ ಮನಸ್ಸಿಗೂ ನೆಮ್ಮದಿ ನೀಡಬಲ್ಲವೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಅದರಲ್ಲಿ ನಿಜವೆಷ್ಟು ಎಂಬುದನ್ನು ವಿಚಾರಿಸೋಣ.

ಸತತವಾಗಿ 12 ತಿಂಗಳು ಮುಟ್ಟು ಕಾಣದಿದ್ದರೆ ಋತುಬಂಧವಾಯಿತೆನ್ನುವರು. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೆಯ ವಯಸ್ಸಿನಲ್ಲಿ ಒದಗುವುದು. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ, ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಮಾಣ ಏರಿಳಿಯತೊಡಗುವುದು. ಮಿದುಳಿನಲ್ಲಿ ದೇಹದ ಉಷ್ಣವನ್ನು ಹತೋಟಿಯಲ್ಲಿಡುವ ಭಾಗವೂ ಮನೋಭಾವಕ್ಕೆ ಸಂಬಂಧಿಸಿದ ಸೆರೊಟೊನಿನ್ ಎಂಬ ವಸ್ತುವಿನ ಕಾರ್ಯವೂ ಇದರ ಪ್ರಭಾವಕ್ಕೆ ಒಳಪಟ್ಟಿವೆ. ಆದುದರಿಂದ ಮೈ ಕಾವೇರಿ ಬೆವರುವುದು, ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು ಮೊದಲಾದುವು ಹಲವರಲ್ಲಿ ಕಾಣಬರುವುವು. ಹಗಲೆಲ್ಲ ಮಗ್ಗದಲ್ಲಿಯೋ ಕಬ್ಬಿನ ಹೊಲದಲ್ಲಿಯೋ ದುಡಿದ ತಾಯಿ ರಾತ್ರಿ ನಿದ್ದೆಯಿಲ್ಲದೆ ಬಳಲಿದರೆ, ಮನೆಯವರು ಅದನ್ನು ಬರಿಯ ಸಿಡುಕೆಂದು ಭಾವಿಸುವುದುಂಟು. ಇದು ತಪ್ಪು ತಿಳಿವಳಿಕೆ.

ಇನ್ನು ಕರುಳಿನ ವಿಷಯ. ಮಾನವ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ನೆಲಸಿವೆಯೆಂದು ಅಂದಾಜು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಪಿತ್ತರಸದೊಡನೆ ಕರುಳಿಗೆ ಬಂದ ಈಸ್ಟ್ರೊಜನ್ನಿನ ಒಂದಂಶವನ್ನು ಕೆಲವು ಬ್ಯಾಕ್ಟೀರಿಯಗಳು ತಮ್ಮ ಕಿಣ್ವದಿಂದ ಬಿಡಿಸಿ, ಅದು ಮತ್ತೆ ರಕ್ತವನ್ನು ಸೇರುವಂತೆ ಮಾಡುವುವು. ಕರುಳಿಗೂ ಮಿದುಳಿಗೂ ನಡುವೆ ವೇಗಸ್ ನರ ಸಂದೇಶಗಳನ್ನು ಒಯ್ಯುವುದು. ದೇಹದ ಸೆರೊಟೊನಿನ್ನಿನಲ್ಲಿ 100ಕ್ಕೆ 90ರಷ್ಟು ಕರುಳಿನಲ್ಲಿಯೇ ತಯಾರಾಗುವುದು ನಿಜ. ಆದರೆ ಅದು ರಕ್ತದ ಮೂಲಕ ಮಿದುಳನ್ನು ಹೊಗಲಾರದು. ಹೊಟ್ಟೆಯ ಸೆರೊಟೊನಿನ್ ನೇರವಾಗಿ ಮನಸ್ಸನ್ನು ಹಿಗ್ಗಿಸುವುದೆಂಬ ಮಾತನ್ನು ಆದುದರಿಂದ ಒಪ್ಪುವಂತಿಲ್ಲ.

ಪ್ರಯೋಗಗಳು ಏನನ್ನು ಹೇಳುವುವು? 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ವರ್ಗದ ಒಂದು ತಳಿಯನ್ನು ತಿನ್ನಿಸಿದ ಇಲಿಗಳಲ್ಲಿ ಅಂಜಿಕೆ ತಗ್ಗಿತು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಈ ಫಲ ಕಾಣಲಿಲ್ಲ. ಅದೇ ತಳಿಯನ್ನು ಆರೋಗ್ಯವಂತರಾದ 29 ಗಂಡಸರಿಗೆ ಕೊಟ್ಟು ನೋಡಿದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಅವರ ಮನಸ್ಸಿನ ಮೇಲೆ ಗಣನೀಯ ಪರಿಣಾಮವೇನೂ ಕಂಡುಬರಲಿಲ್ಲ. ಇಲಿಗೆ ಒಗ್ಗಿದುದು ಮನುಷ್ಯನಿಗೂ ಒಗ್ಗುವುದೆಂಬ ಭರವಸೆಯಿಲ್ಲ.

ಋತುಬಂಧದ ಸ್ತ್ರೀಯರಲ್ಲಿ ಇನ್ನೊಂದು ತೊಡಕುಂಟು. ಹಾರ್ಮೋನಿನ ಏರಿಳಿತ ಕಾಲಕ್ರಮದಲ್ಲಿ ತಾನಾಗಿಯೇ ಶಾಂತವಾಗುವುದು. ಹಲವರ ಮನಸ್ಸೂ ಅದರೊಡನೆ ತಿಳಿಯಾಗುವುದು. ಆ ಅವಧಿಯಲ್ಲಿ ಏನನ್ನು ಸೇವಿಸಿದ್ದರೂ ಅದಕ್ಕೇ ಕೀರ್ತಿ ಸಲ್ಲುವುದು! ಆದುದರಿಂದ ಒಂದು ಗುಂಪಿಗೆ ನಿಜವಾದ ಜೀವಾಣುಗಳನ್ನೂ ಇನ್ನೊಂದಕ್ಕೆ ಹಾಗೆಯೇ ಕಾಣುವ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದು ಸಂದಿತೆಂಬುದನ್ನು ಗುಟ್ಟಾಗಿಟ್ಟು ಹೋಲಿಸಬೇಕು. ಇಂತಹ ಪರೀಕ್ಷೆಗಳು ನಡೆದಿದ್ದರೂ ಅವು ಚಿಕ್ಕವು. ಬಳಸಿದ ತಳಿಗಳೂ ಬೇರೆ ಬೇರೆ. ದೃಢವಾದ ತೀರ್ಮಾನಕ್ಕೆ ಅವು ಸಾಲವು.

2001ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹೇಳಿದಂತೆ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಾಣುಗಳು ಮಾತ್ರ ‘ಪ್ರೋಬಯಾಟಿಕ್’ ಎನಿಸುವುವು. ಮನೆಯ ಹೆಪ್ಪಿನಲ್ಲಿ ಯಾವ ತಳಿಗಳು ಎಷ್ಟಿವೆಯೆಂಬುದು ಮನೆಯಿಂದ ಮನೆಗೆ ಬೇರೆಯಾಗುವುದು. ಮಜ್ಜಿಗೆಯನ್ನು ಕುದಿಸಿದರೆ ಅವು ಸಾಯುವುವು. ಆದರೂ ಮೊಸರು ಒಳ್ಳೆಯ ಆಹಾರವೇ. ಋತುಬಂಧದ ನಂತರ ಸ್ತ್ರೀಯರ ಮೂಳೆಗಳು ಸವೆಯುವುದರಿಂದ, ಮೊಸರಿನ ಕ್ಯಾಲ್ಸಿಯಂ ಅವರಿಗೆ ಬೇಕಾದುದೇ ಸರಿ.

ಆದರೆ ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ ಮೊಸರನ್ನು ನೆಚ್ಚಿ ಕುಳಿತಿರಬಾರದು, ವೈದ್ಯರನ್ನು ಕಾಣಬೇಕು. ಆಪ್ತಸಲಹೆ, ಖಿನ್ನತೆಯ ಔಷಧ, ತಕ್ಕವರಿಗೆ ಹಾರ್ಮೋನ್ ಚಿಕಿತ್ಸೆ ಇವೆಲ್ಲ ಉಂಟು. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಮಾತನಾಡಬಹುದು. ತಾಯಂದಿರು ತಮ್ಮ ಅಳಲನ್ನು ತಾವಾಗಿ ಹೇಳಿಕೊಳ್ಳುವುದು ಅಪೂರ್ವ. ವಿದ್ಯಾರ್ಥಿಗಳಾದ ನೀವು ಅದನ್ನು ಗುರುತಿಸಿ, ಅವರೊಡನೆ ಆಸ್ಪತ್ರೆಯವರೆಗೆ ಹೋಗಿಬಂದರೆ, ಕಲಿತ ವಿಜ್ಞಾನ ಮನೆಗೂ ಒದಗಿದಂತಾಗುವುದು.