ಒತ್ತಕ್ಷರ ಚೌಕಟ್ಟು ಮೀರಿದಾಗ

ಪ್ರಶ್ನೆ: ಕೋಡ್ ಬರೆದು ಎಸ್‌ವಿಜಿ ಫಲಕ ರಚಿಸುವಾಗ, ಅಕ್ಷರ ಎಣಿಸಿ ಹಾಕಿದ ಚೌಕಟ್ಟಿನಿಂದ ‘ಹುಬ್ಬಳ್ಳಿ’ ಎಂಬ ಪದ ಹೊರಚಾಚುತ್ತದೆ. ಪರಿಹಾರವೇನು?
– ಓದುಗರು, ಬೆಂಗೇರಿ

ಉತ್ತರ: ಅಕ್ಷರಗಳನ್ನು ಎಣಿಸಿ ಸರಾಸರಿ ಅಗಲದಿಂದ ಗುಣಿಸುವ ಕ್ರಮ ಕನ್ನಡಕ್ಕೆ ಒಗ್ಗುವುದಿಲ್ಲ, ಏಕೆಂದರೆ ‘ಹುಬ್ಬಳ್ಳಿ’ ಯೂನಿಕೋಡ್‌ನಲ್ಲಿ 9 ಸಂಕೇತಗಳಾಗಿದ್ದರೂ ಕಣ್ಣಿಗೆ ಹು, ಬ್ಬ, ಳ್ಳಿ ಎಂಬ 3 ಅಕ್ಷರಗಳಾಗಿ ಕಾಣುತ್ತದೆ, ಅವುಗಳಲ್ಲಿನ ಒತ್ತುಗಳು ಆಧಾರರೇಖೆಯ, ಅಂದರೆ ಅಕ್ಷರಗಳು ಕುಳಿತಿರುವ ಕಲ್ಪಿತ ಗೆರೆಯ, ಕೆಳಗಿಳಿಯುತ್ತವೆ. ಆದ್ದರಿಂದ ಫಾಂಟ್ ಪೂರ್ಣವಾಗಿ ಲೋಡ್ ಆದ ನಂತರವೇ ಬ್ರೌಸರ್‌ನಿಂದ ಅಳತೆ ಪಡೆಯಬೇಕು. ಮೊದಲೇ ಪಡೆದರೆ ದೊರೆಯುವುದು ಬದಲಿ ಫಾಂಟಿನ ಅಳತೆ. ಎಸ್‌ವಿಜಿಯ ಗೆಟ್‌ಬಿಬಾಕ್ಸ್ ಎಂಬ ವಿಧಾನವು ಫಾಂಟ್ ತಾನೇ ಘೋಷಿಸಿಕೊಂಡ ಎತ್ತರ ಮತ್ತು ಇಳಿತಗಳನ್ನು ಆಧರಿಸಿದ ಆಯತವನ್ನು ಕೊಡುತ್ತದೆಯೇ ಹೊರತು ಮಸಿ ಮೂಡಿದ ಭಾಗವನ್ನಲ್ಲ. ಆ ಭಾಗ ಬೇಕಾದಲ್ಲಿ ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್ ಹಿಂದಿರುಗಿಸುವ ವಾಸ್ತವ ಮೇಲಂಚು, ಕೆಳಅಂಚು, ಎಡ ಮತ್ತು ಬಲ ಅಂಚುಗಳನ್ನು ಬಳಸಿ, ಸುತ್ತ ಸ್ವಲ್ಪ ಜಾಗ ಬಿಡುವುದು ಸೂಕ್ತ.

3:2ರ ಅನುಪಾತ ತಪ್ಪದಂತೆ ರಾಷ್ಟ್ರಧ್ವಜ ಹೊಲಿಯುವ ಖಾದಿ ಕೇಂದ್ರವಿರುವ ಬೆಂಗೇರಿಗೆ ಅಳತೆಯ ಬೆಲೆ ಹೊಸದಲ್ಲ. ಕನ್ನಡದ ಒತ್ತಕ್ಷರಕ್ಕೂ ಅದೇ ಗೌರವ ಸಲ್ಲಬೇಕು.