ಮಳಖೇಡಕ್ಕೂ ಒಂದು ಬಜೆಟ್ ಇರಲಿ

ರೋಮ್‌ಗೋ ವಿಯೆನ್ನಾಕ್ಕೋ ಹೋಗುವ ಮನೆಯವರು ವರ್ಷ ಮೊದಲೇ ಲೆಕ್ಕಕ್ಕೆ ಕೂಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ವಿಮಾನ, ಹೋಟೆಲ್ ಎಲ್ಲ ತುಟ್ಟಿ. ನವೆಂಬರ್‌ನಲ್ಲಿ ದರ ಇಳಿಯುತ್ತದೆ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು, ದೊಡ್ಡವರಿಗೆ ಶುಲ್ಕ 90 ಯೂರೊ. ಇಷ್ಟೆಲ್ಲ ತಿಳಿದುಕೊಂಡು ಹೊರಡುವ ನಮ್ಮ ಭಾಗದವರೇ ಸೇಡಂ ತಾಲ್ಲೂಕಿನ ಮಳಖೇಡದ ಮಾತು ಬಂದಾಗ "ಬಾಜೂಕೇ ಅದ, ಯಾವಾಗರೆ ಹೋದ್ರಾತು" ಅನ್ನುತ್ತಾರೆ. ಹಾಗೆ ಅಂದವರ ಮನೆಯಲ್ಲಿ ಮಕ್ಕಳು ಕಾಲೇಜು ಮುಗಿಸಿದರೂ ಕೋಟೆ ನೋಡಿರುವುದಿಲ್ಲ. ದಿನ ಗೊತ್ತುಮಾಡದ ಪ್ರವಾಸಕ್ಕೆ ದುಡ್ಡೂ ಒದಗುವುದಿಲ್ಲ ಎಂಬುದನ್ನು ನಮ್ಮ ಮನೆಯ ಲೆಕ್ಕದಲ್ಲೇ ಕಂಡುಕೊಂಡಿದ್ದೇನೆ.

ಮಳಖೇಡ ಸಣ್ಣ ಊರಲ್ಲ ಎಂದು ಮೊದಲು ಹೇಳಬೇಕು. 814ರಲ್ಲಿ ಪಟ್ಟಕ್ಕೆ ಬಂದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಕಾಗಿಣಾ ಹೊಳೆಯ ದಂಡೆಯ ಈ ಊರನ್ನೇ, ಅಂದಿನ ಮಾನ್ಯಖೇಟವನ್ನು, ರಾಜಧಾನಿ ಮಾಡಿಕೊಂಡು ಆಳಿದ. 851ರ ಸುಮಾರಿಗೆ ಅರಬ್ ವರ್ತಕ ಸುಲೈಮಾನನ ಹೆಸರಿನ ಬರಹ ಲೋಕದ ನಾಲ್ವರು ದೊಡ್ಡ ಅರಸರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಬೈಜಾಂಟಿಯಂ ದೊರೆ, ಮತ್ತೆ ನಮ್ಮ ರಾಷ್ಟ್ರಕೂಟ ದೊರೆ. ಕವಿರಾಜಮಾರ್ಗ ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಹಣಕಾಸಿನ ಅಂಕಣ ಬರೆಯುವ ನನಗೆ ಇನ್ನೊಂದು ಕೃತಿ ಬಹಳ ಹತ್ತಿರದ್ದು. ಅದೇ ಕಾಲದ ಮಹಾವೀರಾಚಾರ್ಯರು ನೃಪತುಂಗನನ್ನು ಹೊಗಳಿ ಆರಂಭಿಸುವ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಕಾಲ ಈ ಮೂರರ ಲೆಕ್ಕಗಳಿವೆ. ದುಡ್ಡಿನ ಜೊತೆ ಕಾಲವನ್ನೂ ಎಣಿಸಬೇಕೆಂಬ ಪಾಠ ನಮ್ಮ ನೆಲಕ್ಕೆ ಸಾವಿರದ ನೂರು ವರ್ಷಕ್ಕೂ ಹಳೆಯದು.

ಯುರೋಪಿನ ರಾಜಧಾನಿಯಲ್ಲಿ ಹಂಗಾಮಿನ ಬೆಲೆ ಹೋಟೆಲ್ ಬಿಲ್ಲಿನಲ್ಲೇ ಕಾಣುತ್ತದೆ. ಮಳಖೇಡದಲ್ಲಿ ಅದು ಕಾಣುವುದಿಲ್ಲ. ಕಲಬುರಗಿ–ಸೇಡಂ ಬಸ್ಸಿನ ದರ ಮೇ ತಿಂಗಳಿಗೂ ಅಷ್ಟೇ, ಡಿಸೆಂಬರ್‌ಗೂ ಅಷ್ಟೇ. ಆದರೆ ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿರುವಾಗ ಬಸ್ಸಿಳಿದು ಕೋಟೆ ಹತ್ತಲು ವಯಸ್ಸಾದವರಿಂದ ಆಗದು. ಆಗ ಬಾಡಿಗೆ ಕಾರು ಬೇಕು, ತಣ್ಣೀರಿನ ಬಾಟಲಿ ಬೇಕು. ಅಷ್ಟು ಖರ್ಚು ಮಾಡಿಯೂ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮನೆಗೆ ತಿರುಗಬೇಕು. ಬೆಂಗಳೂರಿನಿಂದ ಬೇಸಿಗೆ ರಜೆಗೆ ಬಂದ ನೆಂಟರ ಜೊತೆ ಹೋದಾಗ ಪೂರಾ ದಿನದ ಬಾಡಿಗೆ ಕೊಟ್ಟು ನೋಡಿದ್ದು ಕೋಟೆಯ ಬಾಗಿಲಷ್ಟೇ.

ಮಳೆಗಾಲದ ಲೆಕ್ಕ ಬೇರೆ. ಕಾಗಿಣಾ ತುಂಬಿದರೆ ಮಳಖೇಡದ ಸೇತುವೆ ಮುಳುಗಿ ಕಲಬುರಗಿ–ಸೇಡಂ ರಸ್ತೆ ನಿಲ್ಲುತ್ತದೆ. 2020ರ ಅಕ್ಟೋಬರ್‌ನಲ್ಲಿ ಊರಿಗೇ ನೀರು ನುಗ್ಗಿತ್ತು. ದಾರಿ ಬಂದಾದರೆ ಸುತ್ತು ಹಾಕಿದ ಡೀಸೆಲ್ಲೂ ಹೋದ ದಿನವೂ ಎರಡೂ ನಮ್ಮ ಲೆಕ್ಕಕ್ಕೇ. ಇದೇ ಮಳೆಗಾಲದಲ್ಲಿ, ಆಷಾಢ ಬಹುಳ ಪಂಚಮಿಗೆ, ಮಾಧ್ವ ಯತಿ ಜಯತೀರ್ಥರ ಆರಾಧನೆ. ಇಲ್ಲಿನ ಉತ್ತರಾದಿ ಮಠಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಅದಕ್ಕೆ ಹೋಗುವವರು ತಿಥಿ ಬದಲಿಸಲಾರರು. ಅಂಥವರು ಬಜೆಟ್ಟಿನಲ್ಲಿ ಒಂದು ಹೆಚ್ಚಿನ ದಿನದ ಖರ್ಚು ಇಟ್ಟುಕೊಂಡೇ ಹೊರಡಲಿ. ಕೋಟೆ, ನೇಮಿನಾಥ ಬಸದಿ ನೋಡುವುದೇ ಉದ್ದೇಶವಾದರೆ ಮಳೆ ಹೋಗುವತನಕ ಕಾಯುವುದು ಲಾಭ.

ಒಳ್ಳೆಯ ಕಾಲ ಛಟ್ಟಿ ಅಮಾವಾಸ್ಯೆಯಿಂದ ಎಳ್ಳಮಾವಾಸ್ಯೆವರೆಗೆ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್. ಬಿಸಿಲು ಹಿತ, ಹೊಳೆ ಶಾಂತ, ಹೊಲದಲ್ಲಿ ತೊಗರಿ ಕಾಯಿ ತುಂಬಿ ನಿಂತಿರುತ್ತದೆ. ಬುತ್ತಿಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಸಂಜೆತನಕ ಕೆಡುವುದಿಲ್ಲ. ಆದರೆ ನಮ್ಮ ಭಾಗದ ತೊಡಕೂ ಇಲ್ಲೇ ಇದೆ. ಹೋಗಲು ಒಳ್ಳೆಯ ಕಾಲಕ್ಕೂ ದುಡ್ಡು ಕೈಗೆ ಬರುವ ಕಾಲಕ್ಕೂ ಹೊಂದಾಣಿಕೆ ಇಲ್ಲ.

ರೈತನ ತೊಗರಿ ರಾಶಿಯಾಗಿ, ಅಡತಿಗೆ ಹೋಗಿ, ಪಟ್ಟಿ ಕೈಗೆ ಬರುವುದು ಜನವರಿ, ಫೆಬ್ರುವರಿಗೆ. ಡಿಸೆಂಬರ್‌ನಲ್ಲಿ ಅವನ ಕಿಸೆ ಖಾಲಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕೆಲಸಗಾರರಿಗೆ ಬೋನಸ್ ಹಬ್ಬದ ಹೊತ್ತಿಗೆ ಬರುತ್ತದೆ. ಅರ್ಹರಿಗೆ ಕಾನೂನಿನ ಪ್ರಕಾರ ಕನಿಷ್ಠ ಶೇ 8.33. ಅದು ದೀಪಾವಳಿಯ ಬಟ್ಟೆಬರೆಗೇ ಮುಗಿಯುತ್ತದೆ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ದಿನಗೂಲಿ ಮಾಡುವವರಿಗೆ ರಜೆ ಎಂದರೆ ಆ ದಿನದ ಕೂಲಿಯೇ ಖರ್ಚು. ಈ ಅಂತರವನ್ನು ದಾಟಿಸುವ ಸೇತುವೆ ಉಳಿತಾಯ.

ನಾವು ಮನೆಯಲ್ಲಿ ಹೀಗೆ ಮಾಡುತ್ತೇವೆ. ಡಿಸೆಂಬರ್‌ನಲ್ಲಿ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಶುರು, ತಿಂಗಳಿಗೆ 500 ರೂಪಾಯಿ. ನವೆಂಬರ್‌ಗೆ 12 ಕಂತು ಮುಗಿದು 6,000 ರೂಪಾಯಿ, ಮೇಲೆ ಬಡ್ಡಿ. ಮುಂದಿನ ಡಿಸೆಂಬರ್‌ಗೆ ಸರಿಯಾಗಿ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ 100 ರೂಪಾಯಿಗೂ ಆಗುತ್ತದೆ, ಆದರೆ ಅದರ ಅವಧಿ ಐದು ವರ್ಷ. ಒಂದು ವರ್ಷದ ಉದ್ದೇಶಕ್ಕೆ ಹೊಂದುವುದಿಲ್ಲ. ತೊಗರಿ ಮಾರುವವರಿಗೆ ಕಂತಿಗಿಂತ ಠೇವಣಿ ಮೇಲು: ಫೆಬ್ರುವರಿಯ ಪಟ್ಟಿ ದುಡ್ಡಿನಲ್ಲಿ ಒಂದು ಭಾಗವನ್ನು ಡಿಸೆಂಬರ್‌ಗೆ ಮುಗಿಯುವಂತೆ ಇಟ್ಟುಬಿಡಬೇಕು. ಬೋನಸ್ ಬರುವವರು ಬಟ್ಟೆ ಅಂಗಡಿಗೆ ಹೋಗುವ ಮೊದಲೇ ಪ್ರವಾಸದ ಪಾಲು ತೆಗೆದಿಡಲಿ. ಕೂಲಿಯವರು ದಿನದ ಕೂಲಿಯನ್ನೂ ಪ್ರವಾಸದ ಖರ್ಚಿನಲ್ಲೇ ಸೇರಿಸಿ ಕೂಡಿಡಲಿ.

ಈ 6,000ವನ್ನು ಮೂರು ಪಾಲು ಮಾಡುತ್ತೇವೆ. ಮೊದಲ 1,500 ಮಳಖೇಡ ಮತ್ತು ನಾಗಾವಿಗೆ. ಮನೆಯ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಗುರುತಿನ ಚೀಟಿ ಇದ್ದರಾಯಿತು. ಹಾಗಾಗಿ ಟಂಟಂ, ಚಹಾ, ಊಟಕ್ಕೆ ಈ ಪಾಲು ಸಾಕಾಗುತ್ತದೆ. ವಾಡಿ, ಚಿತ್ತಾಪುರ ಕಡೆಯವರು 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ಮಾರ್ಗದ ಪ್ಯಾಸೆಂಜರ್ ಗಾಡಿಯಲ್ಲಿ ಮಳಖೇಡ ರೋಡ್ ನಿಲ್ದಾಣಕ್ಕೆ ಬರಬಹುದು. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯನ್ನು ಬಿಡಬಾರದು. 1058ರ ಶಾಸನ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಹೇಳುತ್ತದೆ.

ಎರಡನೆಯ ಪಾಲು 3,000, ಇನ್ನೊಂದು ದಿನದ ಕಾರಿಗೆ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗೆ ಬಸ್ ಹಿಡಿದು ಒಂದೇ ದಿನದಲ್ಲಿ ಹೋಗಿಬರುವುದು ಕುಟುಂಬಕ್ಕೆ ಕಷ್ಟ. ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕ ಜಾಗ ಕನಗನಹಳ್ಳಿ; ಕಾರಿನ ದುಡ್ಡು ಸಾರ್ಥಕ. ಉಳಿದ 1,500 ಆಪತ್ತಿಗೆ. ಅದು ಉಳಿದರೆ ಮರುವರ್ಷದ ಚಿಂಚೋಳಿಗೆ. 2011ರಲ್ಲಿ ಘೋಷಣೆಯಾದ ಅಲ್ಲಿನ ವನ್ಯಜೀವಿ ಧಾಮವನ್ನು ಮಾತ್ರ ಮಳೆ ಮುಗಿಯುತ್ತಿದ್ದಂತೆ, ಕಾಡು ಹಸಿರಾಗಿರುವಾಗಲೇ ನೋಡಬೇಕು. ಅದಕ್ಕೆ ಸೆಪ್ಟೆಂಬರ್‌ಗೆ ಮುಗಿಯುವ ಬೇರೆ ಉಳಿತಾಯ ಇರಲಿ.

ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಒಂದು ಮಾತು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲಷ್ಟೇ ತೆರೆಯುತ್ತದೆ. ಡಿಸೆಂಬರ್ ಟಿಕೆಟ್ ಬೇಕಾದವರು ಅಕ್ಟೋಬರ್‌ನಲ್ಲೇ ತಿಥಿ ನೋಡಿ ಗೊತ್ತುಮಾಡಬೇಕು. ತತ್ಕಾಲ್‌ಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಇಲ್ಲಿ ಇಡೀ ಮನೆ ಊಟ ಮಾಡುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಬರುವವರು ಒಂದು ದಿನ ಮೊದಲೇ ಬಂದರೆ ಒಂದೇ ಟಿಕೆಟ್ಟಿನಲ್ಲಿ ಹಬ್ಬವೂ ರಾಜಧಾನಿಯೂ ಆಗುತ್ತದೆ.

972ರಲ್ಲಿ ಮಾಳವದ ಪರಮಾರರು ಸೂರೆಮಾಡಿದ ಈ ನಗರಕ್ಕೆ ಹಳೆಯ ಸಂಪತ್ತು ಮರಳಿ ಬರದು. ಆದರೆ ಜನ ಬರುವ ಊರಿಗೆ ಬಸ್ ಹೆಚ್ಚುತ್ತದೆ, ಟಂಟಂ ಓಡಿಸುವವನಿಗೆ ದುಡಿಮೆ ಹೆಚ್ಚುತ್ತದೆ, ಕೋಟೆಯ ದುರಸ್ತಿಗೆ ದನಿಯೆತ್ತುವವರೂ ಹೆಚ್ಚುತ್ತಾರೆ. ಮನೆಯ ಬಜೆಟ್ಟಿನಲ್ಲಿ ಮಳಖೇಡಕ್ಕೆಂದು ತಿಂಗಳಿಗೆ 500 ರೂಪಾಯಿಯ ಒಂದು ಸಾಲು ಬರೆದರೆ ನಮ್ಮ ಮಕ್ಕಳು ತಮ್ಮ ರಾಜಧಾನಿಯನ್ನು ನೋಡಿ ಬೆಳೆಯುತ್ತಾರೆ. ಆ ಸಾಲನ್ನು ಈ ತಿಂಗಳೇ ಬರೆಯಿರಿ.